ಅಂಗಳದಲ್ಲಿ ಮೀನು ಹಿಡಿದ ತೆಪ್ಪ

ಉಚ್ಚಂಗಪ್ಪ ಮಾವನ ತೆಪ್ಪ ರಾತ್ರಿಯೆಲ್ಲ ನಿಷೇಧಿತ ಜಾಗದಲ್ಲಿ ಕದ್ದು ಮೀನು ಹಿಡಿಯುತ್ತದೆ ಎಂದು ಕಂಪನಿಯ ಕಂಪ್ಯೂಟರ್ ಹೇಳುತ್ತಿತ್ತು. ಆ ಹೊತ್ತಿನಲ್ಲಿ ದುಂಡು ಬುಟ್ಟಿಯಂಥ ಆ ಬಿದಿರಿನ ತೆಪ್ಪ ಅವರ ಮನೆಯ ಅಂಗಳದಲ್ಲಿ ಬೋರಲು ಬಿದ್ದಿರುತ್ತಿತ್ತು. ಅದರ ಕೆಳಗೆ ಅವರ ಹೆಂಡತಿ ರಮಾಬಾಯಿ ಅತ್ತೆಯ ಕೋಳಿಗಳು ಮಲಗಿರುತ್ತಿದ್ದವು. ಇದನ್ನು ಆ ಕಂಪ್ಯೂಟರಿಗೆ ತಿಳಿಸಿ ಹೇಳಬೇಕಾದವಳು ನಾನು. ಹೇಳಿ ಹೇಳಿ ನನ್ನ ಗಂಟಲು ಬಿದ್ದು ಹೋಯಿತು.

ನಾನು ಶ್ರೀಲತಾ. ತವರು ಸೊರಬದ ಕಡೆಯ ಜಡೆ ಎಂಬ ಊರು. ಮದುವೆಯಾಗಿ ಬಂದದ್ದು ಅಂಬ್ಲಿಗೊಳ ಡ್ಯಾಮಿನ ಏರಿಯ ಕೆಳಗಿರುವ ಈ ಊರಿಗೆ. ಇಲ್ಲಿನ ಹಿರಿಯರೆಲ್ಲ ನನ್ನ ಬಾಯಲ್ಲಿ ಮಾವ, ಅತ್ತೆ. ಇಲ್ಲಿನ ಮೀನುಗಾರರ ಸಂಘದಲ್ಲಿ ಬರೆಯುವ ಕೆಲಸ ನನ್ನದು. ಬರೆಯುವುದು ಎಂದರೆ ಈಗ ಫೋನಿನಲ್ಲಿ ಒತ್ತುವುದು. ಡ್ಯಾಮಿನ ಮೀನಿನ ಟೆಂಡರ್ ಹಿಡಿದ ಕಂಪನಿಯವರು ಪ್ರತಿಯೊಂದು ತೆಪ್ಪದ ಅಂಚಿಗೂ ಒಂದು ಕರಿ ಡಬ್ಬಿ ಬಡಿದು ಸೀಲ್ ಮಾಡಿದ್ದಾರೆ. ತೆಪ್ಪ ಎಲ್ಲಿ ಹೋಯಿತು, ಎಲ್ಲಿ ನಿಂತಿತು ಎಂಬುದೆಲ್ಲ ಅದರಿಂದ ಅವರಿಗೆ ಗೊತ್ತಾಗುತ್ತದೆ. ದಡಕ್ಕೆ ಬಂದ ಕೂಡಲೇ ಹಿಡಿದ ಮೀನನ್ನು ಆ್ಯಪಿನಲ್ಲಿ ತುಂಬಬೇಕು. ಉದ್ದೇಶ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಮರಿ ಮೀನು ಹಿಡಿಯಬಾರದು, ತೂಬಿನ ಹತ್ತಿರ ಬಲೆ ಬಿಡಬಾರದು, ಸರಿ. ಆದರೆ ಆ್ಯಪ್ ಮಾಡಿದ ಪುಣ್ಯಾತ್ಮರು ಸಮುದ್ರ ನೋಡಿದವರು, ಅಂಬ್ಲಿಗೊಳ ನೋಡಿದವರಲ್ಲ. ಅವರ ಪಟ್ಟಿಯಲ್ಲಿ ಬಂಗುಡೆ ಇದೆ, ಬೂತಾಯಿ ಇದೆ, ಅಂಜಲ್ ಇದೆ. ಕಾಟ್ಲಾ ಇಲ್ಲ, ಗೆಂಡೆ ಇಲ್ಲ, ಜಿಲೇಬಿ ಇಲ್ಲ. ನಮ್ಮ ಡ್ಯಾಮಿನ ಅಷ್ಟೂ ಮೀನು ಹೋಗಿ ಬೀಳುವುದು 'ಇತರೆ' ಎಂಬ ಒಂದೇ ಬುಟ್ಟಿಗೆ.

ಉಚ್ಚಂಗಪ್ಪ ಮಾವನ ತೆಪ್ಪವನ್ನು ನೋಂದಾಯಿಸಿದ ದಿನ ಈಗಲೂ ನೆನಪಿದೆ.

"ಎಂಜಿನ್ನು ಎಷ್ಟು ಅಶ್ವಶಕ್ತಿದು ಅಂತ ಕೇಳ್ತದೆ ಮಾವ. ಎಂತ ಹಾಕೂದು?" ಎಂದೆ.

"ತೆಪ್ಪಕ್ಕೆ ಎಂಜಿನ್ ಎಲ್ಲೈತವ್ವ?"

"ಇಲ್ಲ ಅಂದ್ರೆ ಅದು ಮುಂದಕ್ಕೇ ಹೋಗೂದಿಲ್ಲ."

"ಹಂಗಾರೆ ನನ್ನ ಹೆಸರು ಬರಿ. ಹುಟ್ಟು ಹಾಕೋನೂ ನಾನೇ, ಬಲೆ ಎಳೆಯೋನೂ ನಾನೇ. ಅವ್ರಿಗೂ ಗೊತ್ತಾಗ್ಲಿ."

ಹೆಸರು ಹಾಕಲು ಬರುವುದಿಲ್ಲ, ಒಂದು ಎಂದು ಹಾಕಿದೆ. ಅಂದಿನಿಂದ ಬಿದಿರಿನ ಆ ಬುಟ್ಟಿ ಕಂಪನಿಯ ಲೆಕ್ಕದಲ್ಲಿ ಒಂದು ಅಶ್ವಶಕ್ತಿಯ ಟ್ರಾಲರ್.

ಮಾವನ ಸಿಟ್ಟು ಊರಿಗೇ ಗೊತ್ತಿರುವ ಸಿಟ್ಟು. ಮಳೆ ಬಂದರೆ ಮಳೆಗೆ ಬೈಯುತ್ತಾರೆ, ಬರದಿದ್ದರೆ ಮೋಡಕ್ಕೆ ಬೈಯುತ್ತಾರೆ. ಶಿಕಾರಿಪುರದ ಸಂತೆಯಲ್ಲಿ ಯಾರಾದರೂ ಮೀನಿನ ಕಿವಿರು ಎತ್ತಿ ಎರಡನೇ ಸಲ ಮೂಸಿ ನೋಡಿದರೆ ಅವರ ಕೈಯಿಂದ ಮೀನು ಕಿತ್ತುಕೊಂಡು ಬುಟ್ಟಿಗೆ ಹಾಕಿಬಿಡುತ್ತಾರೆ. ಎಷ್ಟು ಬೇಡಿಕೊಂಡರೂ ಮತ್ತೆ ಕೊಡುವುದಿಲ್ಲ. ಒಮ್ಮೆ ಮೊಣಕಾಲು ನೋವು ಎಂದು ನೀರಿಗಿಳಿಯುವುದನ್ನು ಬಿಟ್ಟು ಮೆಕ್ಕೆಜೋಳದ ಗೋಡೌನಿನಲ್ಲಿ ಕಾವಲಿಗೆ ಸೇರಿದ್ದರು. ವಾರ ತುಂಬುವ ಮೊದಲೇ ವಾಪಸ್ ಬಂದರು. ಗೋಡೆ ನೋಡುತ್ತಾ ಕೂರಲು ತನ್ನಿಂದಾಗುವುದಿಲ್ಲ ಎಂದರು. ನೀರು ಬಿಟ್ಟು ಆ ಮನುಷ್ಯನಿಗೆ ಬೇರೆ ಬದುಕಿಲ್ಲ. ನೀರಿಗಿಳಿಯಲು ಲೈಸೆನ್ಸ್ ಬೇಕು, ಮತ್ತು ಮೂರು ಎಚ್ಚರಿಕೆ ಬಂದರೆ ಲೈಸೆನ್ಸ್ ರದ್ದು.

ಮೊದಲನೇ ಎಚ್ಚರಿಕೆ ಬಂದಾಗ ಏನೋ ತಪ್ಪಾಗಿರಬೇಕು ಅಂದುಕೊಂಡೆವು. ಎರಡನೆಯದು ಬಂದಾಗ ಕಂಪನಿಯ ಹುಡುಗ ತೀರ್ಥೇಶನಿಗೆ ಫೋನ್ ಮಾಡಿ ಕರೆಸಿದೆ. ಅವನು ನಕಾಶೆ ತೆಗೆದು ತೋರಿಸಿದ. ತೂಬಿನ ಮೇಲೆ ಕೈವಾರದ ಮೊನೆ ಇಟ್ಟು ತಿರುಗಿಸಿದ ಹಾಗೆ ಒಂದು ಕೆಂಪು ವೃತ್ತ. ಅದರೊಳಗೆ ಯಾವ ದೋಣಿಯೂ ಇರಬಾರದು. ವೃತ್ತದ ಅರ್ಧ ನೀರಿನ ಮೇಲಿತ್ತು. ಉಳಿದರ್ಧ ಏರಿಯನ್ನು ದಾಟಿ ಈಚೆ ಬಂದು, ಏರಿಯ ಬುಡದ ನಾಲ್ಕಾರು ಮನೆಗಳನ್ನು ನುಂಗಿಕೊಂಡು ಕುಳಿತಿತ್ತು. ಅದರಲ್ಲಿ ಮಾವನ ಮನೆಯೂ ಒಂದು. ನಮ್ಮ ಕಡೆ ತೆಪ್ಪವನ್ನು ದಡದಲ್ಲಿ ಬಿಡುವುದಿಲ್ಲ. ಸಂಜೆ ತಲೆಯ ಮೇಲೆ ಬೋರಲು ಹೊತ್ತು ಮನೆಗೆ ತಂದು ಅಂಗಳದಲ್ಲಿ ಕವುಚಿ ಹಾಕುತ್ತಾರೆ. ಕಂಪ್ಯೂಟರಿಗೆ ಅದೇನು ಗೊತ್ತು? ದೋಣಿ, ನಿಷೇಧಿತ ಜಾಗ, ರಾತ್ರಿ. ಕಳ್ಳತನವೇ ಸೈ.

ತೀರ್ಥೇಶ ಅಂಗಳಕ್ಕೆ ಬಂದು ತೆಪ್ಪ, ಕೋಳಿ ಎಲ್ಲ ಸೇರಿ ಒಂದು ಫೋಟೋ ತೆಗೆದ. ಆ್ಯಪಿಗೆ ಹಾಕಿದ. 'ಈ ಚಿತ್ರ ಜಲಾಶಯದ ಗಡಿಯೊಳಗಿನದಲ್ಲ' ಎಂದು ಆ್ಯಪ್ ತಿರಸ್ಕರಿಸಿತು.

"ಅಲ್ಲ ಮಾರಾಯ್ರೆ, ಇದು ಡ್ಯಾಮಿನ ಒಳಗೆ ಅಂತ ಎಚ್ಚರಿಕೆ ಕೊಡೂದೂ ಅದೇ, ಡ್ಯಾಮಿನ ಒಳಗಲ್ಲ ಅಂತ ಫೋಟೋ ಬೇಡ ಅನ್ನೂದೂ ಅದೇನಾ?" ಎಂದು ಕೇಳಿದೆ.

"ನನಗೆ ಅರ್ಥ ಆಗುತ್ತೆ ಮೇಡಂ. ಸಿಸ್ಟಮ್ ತಗೊಳ್ತಿಲ್ಲ."

"ನಿಮ್ಮ ಸಿಸ್ಟಮ್ಮಿಗೆ ಕೋಳಿ ಕಾಣೂದಿಲ್ಲವಾ?"

ಪಾಪ, ಅವನಾದರೂ ಏನು ಮಾಡಿಯಾನು? ಬೆವರು ಒರೆಸಿಕೊಂಡ. ನಕಾಶೆ ಸರಿಪಡಿಸಲು ಮೇಲಿನವರಿಗೆ ಬರೆದಿದ್ದೇನೆ, ಅಲ್ಲಿಯವರೆಗೆ ತೆಪ್ಪವನ್ನು ವೃತ್ತದ ಹೊರಗೆ ಎಲ್ಲಾದರೂ ಇಡಿ ಎಂದು ಹೇಳಿ ಬೈಕ್ ಹತ್ತಿದ. ಡಬ್ಬಿ ಬಿಚ್ಚೋಣವೆಂದರೆ ಸೀಲ್ ಮುರಿದ ದಿನವೇ ಲೈಸೆನ್ಸ್ ಹೋಗುತ್ತದೆ.

ಮಾವ ಎರಡು ದಿನ ದಡದಲ್ಲೇ ಬಿಟ್ಟು ನೋಡಿದರು. ಯಾರದೋ ಎಮ್ಮೆ ಅದರ ಮೇಲೆ ಕಾಲಿಟ್ಟು ಎರಡು ಬಿದಿರ ದಬ್ಬೆ ಮುರಿಯಿತು. ಎಮ್ಮೆಯ ಯಜಮಾನನಿಗೆ ಬೈದು, ಎಮ್ಮೆಗೆ ಬೈದು, ನನಗೂ ಬೈದರು. ಸಂಘದ ಕೋಣೆಯಲ್ಲಿ ಇಡೋಣವೆಂದು ನಾನೇ ಬೀಗ ತೆಗೆದೆ. ಉದ್ದಕ್ಕೆ ನಿಲ್ಲಿಸಿ ತಳ್ಳಿದೆವು, ಓರೆ ಮಾಡಿ ತಳ್ಳಿದೆವು. ಬಾಗಿಲಿನ ಬಣ್ಣ ಹೋಯಿತೇ ಹೊರತು ತೆಪ್ಪ ಒಳಗೆ ಹೋಗಲಿಲ್ಲ. ನಮ್ಮ ಮನೆಗೆ ಅಂಗಳವೇ ಇಲ್ಲ, ಹೊಸ್ತಿಲು ದಾಟಿದರೆ ರಸ್ತೆ. ವೃತ್ತದ ಹೊರಗೆ, ಬೇಲಿ ನಾಯಿ ಎಲ್ಲ ಇರುವ ದೊಡ್ಡ ಅಂಗಳ ಹತ್ತಿರದಲ್ಲಿ ಇದ್ದದ್ದು ಒಂದೇ. ಅದು ಗುತ್ಯಪ್ಪ ಮಾವನದು.

ಗುತ್ಯಪ್ಪ ಮಾವ ಇವರ ಸ್ವಂತ ಅಣ್ಣ, ಮನೆಯಲ್ಲಿ ಒಂಟಿ, ಬಲಗಾಲು ಒಂಚೂರು ಎಳೆದು ನಡೆಯುವವರು. ಉಚ್ಚಂಗಪ್ಪ ಮಾವನಿಗೆ ಈಜು ಕಲಿಸಿದ್ದು, ಬಲೆ ಹೆಣೆಯಲು ಕಲಿಸಿದ್ದು ಅವರೇ. ಮೊದಲೆಲ್ಲ ಇಬ್ಬರೂ ಒಂದೇ ತೆಪ್ಪದಲ್ಲಿ ಹೋಗುತ್ತಿದ್ದರು. ತಮ್ಮ ಹುಟ್ಟು ಹಾಕಿದರೆ ಅಣ್ಣ ಬಲೆ ಬಿಡುವುದು. ಒಂದು ದಿನ ದೊಡ್ಡದೊಂದು ಕಾಟ್ಲಾ ಬಲೆ ಹರಿದುಕೊಂಡು ಹೋಯಿತು. ದಡಕ್ಕೆ ಬಂದ ಮೇಲೆ, ಮೀನು ಕೊಳ್ಳಲು ನಿಂತಿದ್ದ ಹತ್ತು ಜನರ ಎದುರಿಗೆ, "ಹುಟ್ಟು ಹಾಕಾಕೆ ಬರಲ್ಲ ನಿನಗೆ" ಎಂದರು ಅಣ್ಣ. ಅಷ್ಟೇ ಮಾತು. ಮಾರನೆಯ ದಿನ ತಮ್ಮ ಬೇರೆ ತೆಪ್ಪ ಹೆಣೆಯಲು ಕುಳಿತರು. ಅಂದಿನಿಂದ ಒಬ್ಬೊಬ್ಬರೇ ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಬಲೆ ಹಿಡಿದು ಒದ್ದಾಡುತ್ತಾರೆ. ನೀರಿನ ಮೇಲೆ ಎದುರಾದರೆ ಒಬ್ಬರು ಆ ದಡ ನೋಡುತ್ತಾರೆ, ಇನ್ನೊಬ್ಬರು ಈ ದಡ. ಒಂದು ಮೀನಿಗೆ ಇಷ್ಟು ವರ್ಷದ ಸಿಟ್ಟು! ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

"ಲೈಸೆನ್ಸ್ ಹೋದ್ರೂ ಪರವಾಗಿಲ್ಲ, ಅವನ ಬಾಗಿಲಿಗೆ ನಾನು ಹೋಗಲ್ಲ" ಎಂದರು ಉಚ್ಚಂಗಪ್ಪ ಮಾವ.

"ನೀವು ಹೋಗಬ್ಯಾಡ್ರಿ. ನಾನೇ ಭಾವನ್ನ ಕೇಳ್ಕೊಂಡು ಬರ್ತೀನಿ" ಎಂದು ಅತ್ತೆ ಎದ್ದು ಹೊರಟೇಬಿಟ್ಟರು. ಹೋದಷ್ಟೇ ಬೇಗ ಬಂದರು.

"ಇಟ್ಕೊಳ್ಲಿ ಅಂದ್ರು ಭಾವ. ಬೋರಲು ಹಾಕ್ಬೇಕಂತೆ. ನೀರು ನಿಂತ್ರೆ ಸೊಳ್ಳೆ ಆಗ್ತಾವಂತೆ."

"ತೆಪ್ಪ ಬೋರಲು ಹಾಕಾದು ನನಗೆ ಹೇಳಿಕೊಡ್ತಾನಾ ಅವ್ನು?" ಮಾವ ಹಾರಿಬಿದ್ದರು. ಊಟ ಬಿಟ್ಟರು. ಆದರೂ ಮರುದಿನ ಸಂಜೆ ತೆಪ್ಪ ಹೊತ್ತು ಹೋದರು. ಹಲಸಿನ ಮರದ ಕೆಳಗೆ ಬೋರಲು ಹಾಕಿ, ತಲೆ ಎತ್ತದೆ ತಿರುಗಿ ಬಂದರು. ಬೆಳಿಗ್ಗೆ ತರಲು ಹೋದಾಗಲೂ ಹಾಗೆಯೇ. ಮಳೆಗಾಲ ಕಳೆಯಿತು, ಚಳಿ ಬಂತು, ಇಬ್ಬರ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಮೂರನೇ ಎಚ್ಚರಿಕೆಯೂ ಬರಲಿಲ್ಲ. ಮುರಿದ ದಬ್ಬೆಗಳ ಜಾಗದಲ್ಲಿ ಮಾತ್ರ ಒಂದು ಬೆಳಿಗ್ಗೆ ಹೊಸ ದಬ್ಬೆ ಇತ್ತು, ಮೇಲೆ ಹಸಿ ಡಾಂಬರು. ಯಾರು ಹಾಕಿದರು ಎಂದು ಮಾವ ಕೇಳಲಿಲ್ಲ. ಡಾಂಬರು ಜಾಸ್ತಿಯಾಯಿತು ಎಂದು ಗೊಣಗಿಕೊಂಡು ನೀರಿಗಿಳಿದರು.

ಕೊನೆಗೂ ನಕಾಶೆ ಸರಿಯಾಯಿತು ಎಂದು ತೀರ್ಥೇಶ ಫೋನ್ ಮಾಡಿದ. ಹೊಸ ಅಪ್‌ಡೇಟ್ ಬಂದಿದೆ, ಉಚ್ಚಂಗಪ್ಪನವರ ಮನೆ ಈಗ ವೃತ್ತದ ಹೊರಗೆ ಎಂದ. ಅಷ್ಟೇ ಅಲ್ಲ, ಇನ್ನೊಂದು ಸೌಕರ್ಯವನ್ನೂ ಸೇರಿಸಿದ್ದಾರೆ, ಎರಡು ದೋಣಿ ತೀರಾ ಹತ್ತಿರ ಬಂದರೆ ಡಿಕ್ಕಿಯಾಗದಂತೆ ಫೋನ್ ಎಚ್ಚರಿಸುತ್ತದೆ ಎಂದ. ಬುಟ್ಟಿಗೆ ಬುಟ್ಟಿ ತಾಗಿದರೆ ಯಾರ ಗಂಟು ಹೋಗುತ್ತದೆ? ಕಾಟ್ಲಾ ಸೇರಿಸಿದ್ದಾರಾ ಎಂದು ಕೇಳಿದೆ. ಇಲ್ಲವಂತೆ.

ಉಚ್ಚಂಗಪ್ಪ ಮಾವ ಅವತ್ತೇ ತೆಪ್ಪ ಹೊತ್ತು ಮನೆಗೆ ತಂದರು. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ತೆಪ್ಪದ ಪಕ್ಕ ಕುಳಿತು ಹೊಸ ದಬ್ಬೆಯ ಮೇಲಿನ ಡಾಂಬರನ್ನು ಉಗುರಿನಿಂದ ಕೆರೆದರು.

ಸ್ವಲ್ಪ ದಿನದಲ್ಲೇ ಗುತ್ಯಪ್ಪ ಮಾವನ ತೆಪ್ಪದ ಮೇಲೆ ಎಚ್ಚರಿಕೆ ಬಂತು. ನಕಾಶೆ ತೆಗೆದು ನೋಡಿ ತಲೆ ಚಚ್ಚಿಕೊಂಡೆ. ಆ ಮಹಾನುಭಾವರು ವೃತ್ತವನ್ನು ಚಿಕ್ಕದು ಮಾಡಿರಲಿಲ್ಲ. ಎತ್ತಿ ಪಕ್ಕಕ್ಕೆ ಇಟ್ಟಿದ್ದರು. ತಮ್ಮನ ಮನೆ ಹೊರಬಿದ್ದು ಅಣ್ಣನ ಮನೆ ಒಳಗಾಗಿತ್ತು. ಮತ್ತೆ ತೀರ್ಥೇಶ, ಮತ್ತೆ ಫೋಟೋ, ಮತ್ತೆ 'ಗಡಿಯೊಳಗಿನದಲ್ಲ'. ಎರಡನೆಯ ಎಚ್ಚರಿಕೆಯೂ ಬಂದ ಮೇಲೆ ನಾನೇ ಗುತ್ಯಪ್ಪ ಮಾವನ ಮನೆಗೆ ಹೋದೆ.

"ಇನ್ನೊಂದು ಬಂದ್ರೆ ನಿಮ್ಮ ಲೈಸೆನ್ಸ್ ಹೋಗ್ತದೆ ಮಾವ. ತಮ್ಮನ ಅಂಗಳದಲ್ಲಿ ಇಡಿ. ಅವರು ಇಲ್ಲಿ ಇಟ್ಟಿರಲಿಲ್ವಾ?"

"ಅವ್ನು ತನ್ನ ಹೆಂಡ್ತಿನ ಕಳಿಸಿದ್ದ. ನಾನು ಯಾರನ್ನ ಕಳಿಸ್ಲಿ? ನನಗೆ ಯಾರ ಬಾಗಿಲಿಗೂ ಹೋಗಾದು ಬ್ಯಾಡ" ಎಂದು ಬಲೆಯ ಗಂಟು ಬಿಡಿಸುತ್ತಾ ಕುಳಿತರು.

ಅದನ್ನು ಹಾಗೆಯೇ ಹೋಗಿ ಉಚ್ಚಂಗಪ್ಪ ಮಾವನಿಗೆ ಹೇಳಿದೆ. "ನನಗ್ಯಾಕೆ ಹೇಳ್ತೀಯವ್ವ?" ಎಂದರು ಅವರು. ಸಾಕಪ್ಪ ಈ ಅಣ್ಣತಮ್ಮಂದಿರ ಸಹವಾಸ ಎಂದು ಮನೆಗೆ ಬಂದೆ. ಅವರಿಬ್ಬರಿಗಿಂತ ಆ ಕಂಪ್ಯೂಟರೇ ವಾಸಿ ಎನಿಸಿತು ಆ ದಿನ.

ಮಾರನೆಯ ಸಂಜೆ ಮೀನಿನ ಲೆಕ್ಕ ಕೇಳಲು ಉಚ್ಚಂಗಪ್ಪ ಮಾವನ ಮನೆಗೆ ಹೋದರೆ ಅಂಗಳದ ರೂಪವೇ ಬೇರೆಯಾಗಿತ್ತು. ನಡುವೆ ಬಿದ್ದಿರುತ್ತಿದ್ದ ತೆಪ್ಪ ಗೋಡೆಯ ಬದಿಗೆ ಸರಿದಿತ್ತು. ಸೌದೆ ರಾಶಿ ಹಿತ್ತಲಿಗೆ ಹೋಗಿತ್ತು. ಇನ್ನೊಂದು ತೆಪ್ಪ ಹಿಡಿಯುವಷ್ಟು ನೆಲ ಗುಡಿಸಿ ಚೊಕ್ಕ ಮಾಡಿದ್ದರು.

"ಇದೆಂತಕ್ಕೆ ಮಾವ ಜಾಗ ಖಾಲಿ ಮಾಡಿದ್ದು?"

"ಕೋಳಿಗೆ ಗಾಳಿ ಆಡ್ಲಿ ಅಂತ."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಮಧ್ಯಾಹ್ನ ಭಾವನ ಮನೆಗೆ ಮೀನು ಸಾರು ಕೊಟ್ಟು ಬಂದಿದ್ದರಂತೆ. ಸಾರಿನ ಜೊತೆ ಇನ್ನೇನು ಕೊಟ್ಟರೋ ನನಗೆ ಗೊತ್ತಿಲ್ಲ.

ಕತ್ತಲಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ರಸ್ತೆಯ ತಿರುವಿನಲ್ಲಿ ಒಂದು ತೆಪ್ಪ ನಡೆದು ಬಂತು. ಹೊತ್ತವರ ತಲೆ, ಎದೆ ಎಲ್ಲ ಅದರೊಳಗೆ. ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ, ಬಲಗಾಲು ಒಂಚೂರು ಎಳೆಯುವ ಕಾಲು. ಆ ಕಾಲು ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಬೇಲಿಯ ಹತ್ತಿರ ಬಂದು ತೆಪ್ಪ ನಿಂತಿತು. ಒಳಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಉಚ್ಚಂಗಪ್ಪ ಮಾವ ಜಗಲಿಯಿಂದ ಏಳಲಿಲ್ಲ. ಹೆಂಡತಿಯ ಕಡೆ ತಿರುಗಿ, ರಸ್ತೆಗೆಲ್ಲ ಕೇಳುವಂತೆ ಹೇಳಿದರು: "ಅವ್ನಿಗೆ ಹೇಳು, ಇಟ್ಕೊಳ್ಲಿ. ಬೋರಲು ಹಾಕ್ಬೇಕಂತೆ ಅನ್ನು."

ಅತ್ತೆ ಬಾಯಿ ತೆರೆಯುವ ಮೊದಲೇ ತೆಪ್ಪದೊಳಗಿಂದ ಧ್ವನಿ ಬಂತು.

"ಹೇಳಾದನ್ನ ನೀನೇ ಹೇಳೋ. ಕುತ್ತಿಗೆ ಬಿದ್ದು ಹೋಗ್ತೈತೆ. ಬಂದು ಒಂದು ಕೈ ಹಿಡಿ."

ಮಾವ ಎದ್ದರು. ಎಷ್ಟು ಬೇಗ ಎದ್ದರು ಎಂದರೆ ಮೊಣಕಾಲು ನೋವನ್ನೂ ಮರೆತಿದ್ದರು. ಆ ಕಡೆಯ ಅಂಚು ಹಿಡಿದರು. ಇಬ್ಬರೂ ಸೇರಿ ತೆಪ್ಪವನ್ನು ಗೋಡೆಯ ಬದಿಯಲ್ಲಿದ್ದ ತೆಪ್ಪದ ಪಕ್ಕಕ್ಕೆ, ಅಂಚಿಗೆ ಅಂಚು ತಾಗುವ ಹಾಗೆ, ಇಳಿಸಿದರು. ಗುತ್ಯಪ್ಪ ಮಾವನ ಮುಖ ಹೊರಗೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಸಂಘದ ಫೋನ್ ಕಿರುಚಿಕೊಂಡಿತು. ಪರದೆಯೆಲ್ಲ ಕೆಂಪು. ಒಂದು ಹೆಣ್ಣು ಧ್ವನಿ ಶುದ್ಧ ಕನ್ನಡದಲ್ಲಿ ಹೇಳತೊಡಗಿತು: "ಎಚ್ಚರಿಕೆ. ಎರಡು ದೋಣಿಗಳು ಅಪಾಯಕಾರಿಯಾಗಿ ಸಮೀಪಿಸಿವೆ. ಕೂಡಲೇ ದೂರ ಸರಿಯಿರಿ. ಕೂಡಲೇ ದೂರ ಸರಿಯಿರಿ."

ಇಬ್ಬರೂ ನಾನೇ ಹೇಳಿದೆನೇನೋ ಎನ್ನುವ ಹಾಗೆ ನನ್ನ ಕಡೆ ತಿರುಗಿದರು.

"ಇದಕ್ಕೇನು ಉತ್ತರ ಬರೀತೀಯವ್ವ?" ಎಂದು ಕೇಳಿದರು ಗುತ್ಯಪ್ಪ ಮಾವ.

"ಎಂತದೂ ಇಲ್ಲ" ಎಂದೆ. ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಆ ಫೋನನ್ನು ಸ್ವಿಚ್ ಆಫ್ ಮಾಡಿದೆ.