ಬ್ರೆಜಿಲ್‌ಗೆ ಹೋಗದವರು

ನಮ್ಮ ದೇಶದ ಫುಟ್‌ಬಾಲ್ ತಂಡ ವಿಶ್ವಕಪ್‌ನಲ್ಲಿ ಇದುವರೆಗೆ ಒಂದೇ ಒಂದು ಪಂದ್ಯವನ್ನೂ ಆಡಿಲ್ಲ. ಆಡದೇ ಇರುವ ತಂಡಕ್ಕೆ ಚರಿತ್ರೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ಮೂವತ್ತು ವರ್ಷದಿಂದ ನನ್ನದು ಒಂದೇ ಉತ್ತರ. ಆಡಿ ಸೋತವರ ಚರಿತ್ರೆ ಊರಿಗೊಂದು ಇದೆ, ಬೇಡ ಹೋಗ್ರಯ್ಯ ಎಂದು ಎದ್ದು ಬಂದವರ ಚರಿತ್ರೆ ನಮ್ಮದು ಮಾತ್ರ.

ಹಿಂದೂಪುರದ ನನ್ನ ಹುಣಸೆಹಣ್ಣಿನ ಮಂಡಿಗೆ ಬಂದವರು ಯಾರೂ ಈ ಕಥೆ ಕೇಳದೆ ಹೋಗಿಲ್ಲ. ಪರಿಗಿಯಿಂದ ಹಣ್ಣು ತರುವ ರೈತರಿಗಂತೂ ಬಾಯಿಪಾಠವಾಗಿದೆ. ಸಾವಿರದ ಒಂಬೈನೂರ ಐವತ್ತರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ನಡೆಯಿತು. ನಮ್ಮವರಿಗೂ ಕರೆ ಬಂತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ನಮ್ಮ ದೇಶದ ಹೆಸರೂ ಇತ್ತು. ಅದಕ್ಕೆ ಎರಡು ವರ್ಷ ಮುಂಚೆ ಲಂಡನ್ನಿನ ಒಲಿಂಪಿಕ್ಸ್‌ನಲ್ಲಿ ನಮ್ಮ ಹುಡುಗರಲ್ಲಿ ಎಷ್ಟೋ ಜನ ಬರಿಗಾಲಲ್ಲೇ ಆಡಿ ಫ್ರಾನ್ಸಿನವರ ಬೆವರಿಳಿಸಿದ್ದರು. ಬ್ರೆಜಿಲ್‌ನಲ್ಲಿ ಬೂಟು ಹಾಕಲೇಬೇಕು ಅಂದರಂತೆ. ಕಾಲು ನಮ್ಮದು, ನೆಲ ನಿಮ್ಮದು, ನಡುವೆ ಚರ್ಮ ಯಾಕೆ ಎಂದು ನಮ್ಮವರು ಹೋಗುವುದನ್ನೇ ಬಿಟ್ಟರಂತೆ. ಇದು ನಮ್ಮಪ್ಪ ಹೇಳುತ್ತಿದ್ದ ಕಥೆ. ಕೊನೆಯ ಮಾತೂ ಅವರದೇ.

ಈ ಕಥೆ ಮುಗಿಸಿದ ಕೂಡಲೇ ನಾನು ನನ್ನದೊಂದನ್ನು ಸೇರಿಸುತ್ತಿದ್ದೆ. ನನಗೆ ಹದಿನೆಂಟು ವರ್ಷ, ಊರು ಕಲ್ಯಾಣದುರ್ಗ, ನಮ್ಮ ತಂಡದ ಗೋಲ್‌ಕೀಪರ್ ನಾನು. ಫೈನಲ್ ಪಂದ್ಯ. ಹೊರಗಿನಿಂದ ಬಂದ ರೆಫ್ರಿ ಎಲ್ಲರ ಕೊರಳು ಕೈ ನೋಡುತ್ತಾ ಬಂದು ನನ್ನ ಮುಂದೆ ನಿಂತ. ನನ್ನ ಎದೆಯ ಮೇಲೆ ಇಷ್ಟಲಿಂಗ. ಲಿಂಗವಂತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಬೆಳ್ಳಿಯ ಕರಡಿಗೆಯೊಳಗೆ ಲಿಂಗವನ್ನಿಟ್ಟು, ಶಿವದಾರದಲ್ಲಿ ಪೋಣಿಸಿ ಕೊರಳಿಗೆ ಹಾಕುತ್ತಾರೆ. ಅದು ಮೈಯಿಂದ ದೂರವಾಗಬಾರದು. ನಾವು ಸ್ನಾನಕ್ಕೂ ತೆಗೆಯುವುದಿಲ್ಲ, ನಿದ್ದೆಗೂ ತೆಗೆಯುವುದಿಲ್ಲ. ತೆಗೆ ಅಂದ ರೆಫ್ರಿ. ತೆಗೆಯಲ್ಲ ಅಂದೆ. ಹಾಗಾದರೆ ಹೊರಗೆ ನಡಿ ಅಂದ. ಸೆಟೆದು ನಡೆದುಕೊಂಡು ಹೊರಗೆ ಬಂದೆ. ಗೋಲ್‌ನಲ್ಲಿ ಬೇರೆಯವನು ನಿಂತ, ನಮ್ಮ ತಂಡ ಸೋತಿತು. ಸೋತರೇನು, ದೇಶ ಬೂಟಿಗೆ ಬಗ್ಗಲಿಲ್ಲ, ನಾನು ರೆಫ್ರಿಗೆ ಬಗ್ಗಲಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಕೇಳಿದವರು ಹೌದೌದು ಎನ್ನುತ್ತಿದ್ದರು. ವ್ಯಾಪಾರಕ್ಕೆ ಬಂದವರು ಇನ್ನೇನು ಅಂದಾರು.

ಈಗ ನನ್ನ ಮಗಳ ವಿಷಯ. ಹದಿನೇಳು ವರ್ಷ, ಬಲಗಡೆಯ ಡಿಫೆಂಡರ್. ತಂದೆಯೆಂದು ಹೊಗಳುತ್ತಿಲ್ಲ, ಹಿಂದೂಪುರದ ಮೈದಾನದಲ್ಲಿ ಅವಳನ್ನು ದಾಟಿಕೊಂಡು ಚೆಂಡು ಒಯ್ದ ಹುಡುಗಿಯನ್ನು ನಾನಂತೂ ಅಪರೂಪಕ್ಕೆ ನೋಡಿದ್ದೇನೆ. ಅವಳ ಕೊರಳಲ್ಲೂ ಲಿಂಗವಿದೆ. ಆಡುವಾಗ ಎದೆಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿಕೊಳ್ಳುತ್ತಾಳೆ. ಇಲ್ಲಿನ ಕೋಚ್ ಕಂಡೂ ಕಾಣದಂತೆ ಇರುತ್ತಿದ್ದರು. ಹೋದ ವರ್ಷ ಅವಳಿಗೆ ಆಯ್ಕೆ ಪಂದ್ಯಕ್ಕೆ ಕರೆ ಬಂತು. ಜಿಲ್ಲೆ ಎರಡಾಗಿದ್ದರೂ ಆಟದವರು ಇನ್ನೂ ಹಳೆಯ ಅನಂತಪುರ ಜಿಲ್ಲೆಯನ್ನೇ ಒಂದೆಂದು ಹಿಡಿದಿದ್ದಾರೆ. ಅಲ್ಲಿ ಆಯ್ಕೆಯಾದರೆ ರಾಜ್ಯದ ಶಿಬಿರ. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕೊನೆಯ ಅವಕಾಶ. ಪಂದ್ಯ ಎಲ್ಲಿ ಅಂದರೆ ಕಲ್ಯಾಣದುರ್ಗದಲ್ಲಿ, ನಾನು ಸೆಟೆದು ಹೊರಗೆ ನಡೆದ ಅದೇ ಮೈದಾನದಲ್ಲಿ.

ಬೆಳಗಿನ ಬಸ್ಸಿನಲ್ಲಿ ಹೊರಟೆವು. ರೊದ್ದಂ ದಾಟುವಷ್ಟರಲ್ಲಿ ನಾನು ಬ್ರೆಜಿಲ್ ಕಥೆ ತೆಗೆದಿದ್ದೆ. ಆಟಕ್ಕೆ ಹೋಗುವ ಮಗಳಿಗೆ ಧೈರ್ಯ ತುಂಬಬೇಕಲ್ಲ. ಅವಳು ಫೋನಿನಿಂದ ತಲೆ ಎತ್ತದೆ ಹೇಳಿದಳು:

"ಬೂಟಿನ ಮಾತು ಸುಳ್ಳಂತೆ ಕಣಪ್ಪ."

"ಯಾರಂದ್ರು?"

"ಎಲ್ಲಾ ಕಡೆ ಬರ್ದವ್ರೆ. ಬೇರೆ ದೇಶದೋರು ಹಿಂದೆ ಸರುದ್ರು, ಅದುಕ್ಕೆ ಒಂದು ಮ್ಯಾಚೂ ಆಡ್ದಲೆ ನಮಗೆ ಜಾಗ ಸಿಕ್ತು. ಹಡಗಿನ ಖರ್ಚು ಬಹಳಷ್ಟು ಬ್ರೆಜಿಲ್ನೋರೆ ಕೊಡ್ತೀವಿ ಅಂದಿದ್ರಂತೆ. ನಮ್ಮೋರು ಪ್ರಾಕ್ಟೀಸಿಗೆ ಟೈಮಿಲ್ಲ ಅಂದ್ಬುಟ್ರು. ಆವಾಗ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಏನೂಂತ ಯಾರಿಗೂ ಸರ್ಯಾಗಿ ಗೊತ್ತಿರ್ಲಿಲ್ಲ. ಬೂಟಿನ ಕಥೆ ಆಮೇಲೆ ಕಟ್ಟಿದ್ದು. ಕುಣೀಲಾರ್ದೋಳು ನೆಲ ಡೊಂಕು ಅಂದಂಗೆ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಫೋನಿಗೇನಮ್ಮ ಗೊತ್ತು? ನಿಮ್ ತಾತ ಸುಳ್ಳು ಹೇಳ್ತಿದ್ರಾ? ಅರವತ್ನಾಲ್ಕರಲ್ಲಿ ಏಷ್ಯಾ ಕಪ್ಪಲ್ಲಿ ಎರಡ್ನೇ ಜಾಗ ತಗಂಡ ತಂಡ ಅದು. ಹೆದ್ರಿ ಕೂತ್ಕಳ್ಳೋರಾ?"

"ಹೆದ್ರುದ್ರು ಅಂತ ನಾನೆಲ್ಲಿ ಅಂದೆ? ಹೋಗ್ಲಿಲ್ಲ ಅಂದೆ. ಅವತ್ತು ಬಿಟ್ಟಿದ್ದು, ಇವತ್ತಿನವರ್ಗೂ ಇನ್ನೊಂದ್ಸಲ ಸಿಕ್ಕಿಲ್ಲ. ಅದೇ ನಂಗೆ ಹೊಟ್ಟೆ ಉರಿಯೋದು."

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ ಎಂದು ನನ್ನ ಹೆಂಡತಿ ನನ್ನನ್ನು ಆಡಿಕೊಳ್ಳುವುದು ಇಂಥದಕ್ಕೇ.

ಮೈದಾನಕ್ಕೆ ಈಗ ಕಾಂಪೌಂಡ್ ಬಂದಿದೆ, ಒಂದು ಮೂಲೆಯಲ್ಲಿ ನೀರಿನ ಟ್ಯಾಂಕ್ ಎದ್ದಿದೆ. ಗೋಲ್ ಕಂಬಗಳಿಗೆ ಬಿಳಿ ಬಣ್ಣ ಹೊಡೆದಿದ್ದರು. ಹುಡುಗಿಯರನ್ನು ಎರಡು ತಂಡ ಮಾಡಿ ಸಾಲಾಗಿ ನಿಲ್ಲಿಸಿದರು. ರೆಫ್ರಿ ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಒಬ್ಬೊಬ್ಬರ ಕಿವಿ, ಮೂಗು, ಕೈ ನೋಡುತ್ತಾ ಬಂದು ನನ್ನ ಮಗಳ ಜೆರ್ಸಿಯ ಮೇಲೆ ಕೈಯಾಡಿಸಿದರು. ಬಟ್ಟೆಯೊಳಗಿನ ಕರಡಿಗೆ ಕೈಗೆ ಸಿಕ್ಕಿತು.

"ಮೆಡಲೋದಿ ತೀಸೆಯ್ಯಮ್ಮಾ," ಕೊರಳಲ್ಲಿರುವುದನ್ನು ತೆಗೆ ಎಂದರು. ಗದರಿಸಲಿಲ್ಲ, ಮೆತ್ತಗೇ ಹೇಳಿದರು.

ನಾನು ಗೆರೆ ದಾಟಿ ಒಳಗೆ ಹೋಗಿಬಿಟ್ಟೆ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಭಾಷಣ ಶುರುವಾಯಿತು. ಇದು ಒಡವೆಯಲ್ಲ ಮೇಡಂ, ಇದು ಲಿಂಗ, ಇದನ್ನು ತೆಗೆಸುವ ಹಕ್ಕು ಯಾರಿಗೂ ಇಲ್ಲ, ಇದೇ ಮೈದಾನದಲ್ಲಿ ನಾನು ಏನು ಮಾಡಿದೆ ಗೊತ್ತಾ ಎಂದೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು. "ನಂಗೂ ಭಕ್ತಿ ಐತೆ ಸಾರ್. ಬೆಳ್ಳಿ ಡಬ್ಬಿ ಇನ್ನೊಂದು ಹುಡುಗಿ ಮುಖಕ್ಕೆ ತಗುಲುದ್ರೆ ಹಲ್ಲು ಹೋಗುತ್ತೆ. ರೂಲ್ ಅಂಟೇ ರೂಲೇ," ರೂಲ್ ಅಂದರೆ ರೂಲೇ ಎಂದರು. ಐದು ನಿಮಿಷ ಟೈಮ್ ಕೊಟ್ಟರು.

ನಾನು ಮಗಳ ಕಡೆ ತಿರುಗಿ, "ನಡಿಯಮ್ಮ ಹೋಗಾನ. ಇವ್ರ ಕ್ಯಾಂಪೂ ಬೇಡ, ಇವ್ರ ಸೆಲೆಕ್ಷನ್ನೂ ಬೇಡ," ಅಂದೆ. ಅವಳು ಬ್ಯಾಗ್ ಎತ್ತಿಕೊಂಡು ನನ್ನ ಹಿಂದೆ ಬರುತ್ತಾಳೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನ ಮಗಳಲ್ಲವೇ.

ಅವಳು ಬ್ಯಾಗ್ ಮುಟ್ಟಲಿಲ್ಲ. ಜೆರ್ಸಿಯೊಳಗೆ ಕೈ ಹಾಕಿ ಬಟ್ಟೆಯ ಗಂಟು ಬಿಚ್ಚಿದಳು. ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಲಿಂಗವನ್ನು ಎರಡು ಕಣ್ಣಿಗೂ ಒತ್ತಿಕೊಂಡಳು. ಹುಟ್ಟಿದಾಗಿನಿಂದ ಅದು ಅವಳ ಮೈ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಅಪ್ಪ, ಅಂಗೈ ಚಾಚು," ಅಂದಳು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಬೇರೆ ಯಾರ ಕೈಲೂ ಕೊಡಾಕಾಗಲ್ಲ ಕಣಪ್ಪ, ನಿನ್ ಕೈಲಿ ಕೊಡ್ಬೋದು. ನೀನು ಹಿಡ್ಕಂಡಿದ್ರೆ ನನ್ ಮೈಮೇಲಿದ್ದಂಗೇಯ. ಆಡ್ಬುಟ್ಟು ಬತ್ತೀನಿ."

ಆ ಮಾತು ನನಗೆ ಹೊಸದಾಗಿರಲಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಎಡಗೈ ಚಾಚಿದೆ, ಲಿಂಗಪೂಜೆಗೆ ಚಾಚುವ ಹಾಗೆ. ಅವಳು ಲಿಂಗವನ್ನಿಟ್ಟು ಓಡಿದಳು. ಕರಡಿಗೆ ಅವಳ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು.

ಅವತ್ತಿನ ಆಟವನ್ನು ಬೇರೆ ಅಪ್ಪಂದಿರು ಚಪ್ಪಾಳೆ ತಟ್ಟಿ ನೋಡಿದರು. ನನಗೆ ಎರಡೂ ಕೈ ಕೆಲಸದಲ್ಲಿದ್ದವು. ಎಡಗೈಯಲ್ಲಿ ಲಿಂಗ, ಮೇಲೆ ಬಲಗೈ ಮುಚ್ಚಿ ಎದೆಗೆ ಹಿಡಿದು ನಿಂತಿದ್ದೆ. ಬಿಸಿಲಿಗೆ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವ ಹಾಗಿಲ್ಲ. ಪಕ್ಕದಲ್ಲಿದ್ದ ಒಬ್ಬ ಮಜ್ಜಿಗೆ ಪ್ಯಾಕೆಟ್ ಕೊಡಲು ಬಂದ, ಬೇಡ ಎಂದು ತಲೆಯಾಡಿಸಿದೆ. ಬಾಯಂತೂ ಬಿಡುವಾಗಿತ್ತು. ಬಲಕ್ಕೆ ಬಾ, ಮುಂದಕ್ಕೆ ಹೋಗು, ಅವಳನ್ನ ಬಿಡಬೇಡ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು.

ಶುರುವಿನಲ್ಲಿ ಅವಳ ಕೈ ಎರಡು ಮೂರು ಸಲ ಎದೆಯ ಹತ್ತಿರ ಹೋಯಿತು. ಹಾಗೆ ಕೈ ಹೋದ ಒಂದು ಗಳಿಗೆಯಲ್ಲೇ ಎದುರು ತಂಡದ ಗಿಡ್ಡನೆಯ ಹುಡುಗಿ ಅವಳನ್ನು ದಾಟಿ ಗೋಲ್ ಹೊಡೆದಳು. ತಪ್ಪು ನನ್ನ ಮಗಳದೇ, ಸುಮ್ಮನೆ ಹೊಗಳುವ ಜಾತಿಯವನು ನಾನಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಮುಚ್ಚಿದ ಎರಡೂ ಕೈಯನ್ನು ಎತ್ತಿ ತೋರಿಸಿದೆ, ಇಲ್ಲೇ ಇದೆ, ನೀನು ಆಡು ಎಂಬಂತೆ. ಆಮೇಲೆ ಅವಳ ಕೈ ಎದೆಗೆ ಹೋಗಲಿಲ್ಲ. ಎರಡನೇ ಅರ್ಧದಲ್ಲಿ ಆ ಗಿಡ್ಡಿ ಇನ್ನು ನಾಲ್ಕು ಸಲ ಬಂದಳು, ನಾಲ್ಕು ಸಲವೂ ಚೆಂಡು ಕಳಕೊಂಡು ಹೋದಳು. ಒಂದು ಸಲ ನನ್ನ ಮಗಳು ಚೆಂಡನ್ನು ಕಿತ್ತುಕೊಂಡು ತಾನೇ ನಡುಗೆರೆ ದಾಟಿಸಿ ಕೊಟ್ಟಾಗ ಆ ರೆಫ್ರಿಯೂ ಭಲೆ ಎಂಬ ಹಾಗೆ ನೋಡಿದರು. ನಾನು ನೋಡಿದ್ದೇನೆ, ಸುಳ್ಳಲ್ಲ.

ಕೊನೆಗೆ ನಮ್ಮ ಕಡೆಯವರೂ ಒಂದು ಗೋಲ್ ಹೊಡೆದು ಪಂದ್ಯ ಸಮವಾಯಿತು. ಟ್ಯಾಂಕ್ ನೆರಳಲ್ಲಿ ನಿಂತು ಹೆಸರು ಓದಿದರು. ಅವಳ ಹೆಸರು ಒಂಬತ್ತನೆಯದು. ಎಂಟು ಹೆಸರು ಓದುವಷ್ಟರಲ್ಲಿ ನಾನು ಹನ್ನೆರಡು ಸಲ ಶಿವಶಿವ ಅಂದಿದ್ದೆ.

ಅವಳು ಕೈಕಾಲು ಮುಖ ತೊಳೆದು ಬಂದು ನನ್ನ ಮುಂದೆ ನಿಂತಳು. ಲಿಂಗವನ್ನು ಕೊರಳಿಗೆ ಹಾಕಿದೆ. ಬೆರಳುಗಳು ಮರಗಟ್ಟಿ ಪೂರ್ತಿ ಬಿಚ್ಚಲಾರದೆ ಹೋದವು. ಅವಳು ನನ್ನ ಅಂಗೈ ತಿಕ್ಕುತ್ತಾ ಕೇಳಿದಳು:

"ಅಪ್ಪ, ನೀನು ಬಿಟ್ಟು ಬಂದ ಮ್ಯಾಚಿಗೆ ತಾತ ಬಂದಿರ್ಲಿಲ್ವಾ?"

ಬಂದಿರಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಇಷ್ಟು ಆಡಿ ಬಂದವಳ ಮುಂದೆ ಆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬಂದಿದ್ರು ಕಣಮ್ಮ," ಅಂದೆ. ಮಿಕ್ಕದ್ದನ್ನೂ ಹೇಳಿದೆ. ಆ ಫೈನಲ್‌ನಲ್ಲಿ ಎದುರು ತಂಡಕ್ಕೆ ಒಬ್ಬ ಫಾರ್ವರ್ಡ್ ಇದ್ದ, ಗೂಳಿಯಂಥವನು. ಸೆಮಿಫೈನಲ್‌ನಲ್ಲಿ ಬೇರೊಂದು ತಂಡದ ಗೋಲ್‌ಕೀಪರ್ ಮೇಲೆ ಬಿದ್ದು ಅವನ ಭುಜದ ಮೂಳೆ ಮುರಿದಿದ್ದ. ಆ ಸದ್ದನ್ನು ನಾನು ಗೋಲ್ ಹಿಂದೆ ನಿಂತು ಕೇಳಿದ್ದೆ. ಮುಂದಿನ ಸರದಿ ನನ್ನದು ಎಂದು ಎರಡು ದಿನ ಗಂಟಲಲ್ಲಿ ಮುದ್ದೆ ಇಳಿದಿರಲಿಲ್ಲ. ರೆಫ್ರಿ ಲಿಂಗ ತೆಗೆ ಅಂದಾಗ ನನಗೆ ಸಿಟ್ಟು ಬರಲಿಲ್ಲ, ಜೀವ ಬಂತು. ನಮ್ಮಪ್ಪ ಗೆರೆಯ ಹತ್ತಿರ ಓಡಿಬಂದು ಅಂಗೈ ಚಾಚಿದ್ದರು. "ಕೊಡು ಮಗ, ನಾನು ಹಿಡ್ಕಂಡಿರ್ತೀನಿ. ಆಡೋಗು," ಅಂದಿದ್ದರು. ನಾನು ಆ ಕೈಯನ್ನು ಕಾಣದವನ ಹಾಗೆ ಅವರ ಪಕ್ಕದಿಂದಲೇ ಹೊರಗೆ ನಡೆದಿದ್ದೆ.

ಮಗಳು ಅಂಗೈ ತಿಕ್ಕುವುದನ್ನು ನಿಲ್ಲಿಸಿದಳು, ಆದರೆ ಕೈ ಬಿಡಲಿಲ್ಲ. "ತಾತ ಬೈಲಿಲ್ವಾ?" ಅಂದಳು.

ಬೈಯಲಿಲ್ಲ. ಅವತ್ತು ಸಂಜೆ ಬಜಾರಿನಲ್ಲಿ ನಾಲ್ಕು ಜನ ನಮ್ಮಪ್ಪನನ್ನು ತಡೆದು, ನಿನ್ನ ಮಗ ಯಾಕಯ್ಯ ಓಡಿಬಂದ ಎಂದು ಕೇಳಿದರು. ನಾನು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದೆ. ನಮ್ಮಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, ಐವತ್ತರಲ್ಲಿ ಬ್ರೆಜಿಲ್‌ಗೆ ನಮ್ಮ ದೇಶದೋರು ಯಾಕೆ ಹೋಗ್ಲಿಲ್ಲ ಗೊತ್ತೇನ್ರಪ್ಪ ಎಂದು ಶುರುಮಾಡಿದರು. ಅದಕ್ಕೆ ಮೊದಲು ಅವರ ಬಾಯಲ್ಲಿ ಫುಟ್‌ಬಾಲಿನ ಮಾತನ್ನೇ ನಾನು ಕೇಳಿರಲಿಲ್ಲ.