ಮೂವತ್ತೊಂದನೆಯ ದಿನ

ಫೈವಿಶ್ ಮೇಷ್ಟ್ರು ತೀರಿಕೊಂಡಾಗ ವಾರ್ಸಾದ ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಯೆಹೂದಿಗಳಿಗೆ ಸ್ವಂತ ನಾಡು ಬೇಕೆಂದು ಗಟ್ಟಿಯಾಗಿ ಹೇಳಿದ ಚಿಂತಕರಂತೆ, ದೊಡ್ಡ ಲೇಖಕರಂತೆ. ಬದುಕಿದ್ದಾಗ ನಮ್ಮೂರು ಗ್ರೊದ್ನೊದಲ್ಲಿ ಎದುರು ಸಿಕ್ಕರೆ ನಮಸ್ಕಾರ ಹೇಳುವವರೂ ಇರಲಿಲ್ಲ. ನಾನು ಗೆಟ್ಸೆಲ್, ಅವರ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವನು. ಪತ್ರಿಕೆಯವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು.

ಪರರ ನಾಡೆಂಬ ಬಾಡಿಗೆ ಮನೆಗೆ ಎಷ್ಟು ಸುಣ್ಣ ಬಳಿದರೂ ಅದು ಬಾಡಿಗೆ ಮನೆಯೇ, ನಮ್ಮ ನಾಡಿಗೆ ಹೋಗಿ ನಾವೇ ಉಳಬೇಕು ಎಂದು ಮೇಷ್ಟ್ರು ಬರೆದರು. ಉದ್ಧಾರಕ ಮೆಸ್ಸೀಯ ಬಂದು ಅಲ್ಲಿಗೆ ಕರೆದೊಯ್ಯಲೆಂದು ಕಾದು ಕೂತ ಧರ್ಮಗುರು ರಬ್ಬಿಗಳನ್ನು ಗೇಲಿ ಮಾಡಿದರು. ಊರಿನವರು ಬಿಡುತ್ತಾರೆಯೇ? "ನೇಗಿಲಿನ ಹಿಡಿ ಯಾವ ಕಡೆ ಇರುತ್ತೆ ಅಂತ ಗೊತ್ತಿಲ್ದೋನು ನಮಗೆ ಬೇಸಾಯ ಹೇಳ್ಕೊಡ್ತಾನೆ!" ಎಂದು ಮಾಂಸದಂಗಡಿಯ ಮುಂದೆ ನಗುತ್ತಿದ್ದರು. ಮೇಷ್ಟ್ರ ಮಾತನ್ನು ಪೂರ್ತಿ ನಂಬಿದವಳು ಒಬ್ಬಳೇ, ತಾಯಿಯಿಲ್ಲದ ಮಗಳು ಪೆಸ್ಯಾ. ಹತ್ತೊಂಬತ್ತು ತುಂಬುತ್ತಲೇ, ಅಪ್ಪ ಹೇಳಿದ ಆ ನಾಡಿನ ಯಾಫಾ ಬಂದರಿಗೆ ಹಡಗು ಹತ್ತಿದಳು.

ಎರಡು ವರ್ಷದ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ಅಲ್ಲಿಂದ ನನ್ನ ಹೆಸರಿಗೆ ಕಾಗದ ಬಂತು. ಪೆಸ್ಯಾ ಜ್ವರದಲ್ಲಿ ಹೋದಳು, ತಂದೆಗೆ ಮೆಲ್ಲಗೆ ತಿಳಿಸಿ ಎಂದು ಅವಳ ಗೆಳತಿ ಬರೆದಿದ್ದಳು. ನನ್ನ ಹೆಂಡತಿ ಡ್ವೋಶಾ ಬಾಗಿಲು ಹಾಕಿದಳು.

"ಇನ್ನೇನು ಸಂಜೆಗೆ ಸಬ್ಬತ್ತು ಶುರುವಾಗುತ್ತೆ, ವಾರದ ಹಬ್ಬ. ಇಂಥ ಹೊತ್ತಲ್ಲಿ ಯಾರಾದ್ರೂ ಸಾವಿನ ಸುದ್ದಿ ಹೇಳ್ತಾರಾ? ಭಾನುವಾರ ಹೇಳಿದ್ರಾಯ್ತು."

ನನಗೂ ಅದೇ ಬೇಕಿತ್ತು. ಹೇಡಿಗೆ ಒಂದು ನೆಪ ಸಾಕು. ದಿನ ಎಣಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಮೇಷ್ಟ್ರು ಎಂದಿನಂತೆ ನಮ್ಮಲ್ಲಿಗೆ ಊಟಕ್ಕೆ ಬಂದರು. ಪೆಸ್ಯಾಳ ಹಳೆಯ ಕಾಗದವೊಂದನ್ನು ಓದಿ ಹೇಳಿದರು. ಊಟವಾದ ಮೇಲೆ ಮೇಜು ಬಡಿಯುತ್ತ ಹಾಡಿದರು.

ಭಾನುವಾರ ಬೆಳಿಗ್ಗೆ ಹೋಗಿ ಹೇಳಿದೆ. ಮೇಷ್ಟ್ರು ಅಳಲಿಲ್ಲ. ಕಾಗದದಲ್ಲಿ ಅವಳು ಮಣ್ಣಾದ ತಾರೀಖು ನೋಡಿ ಬೆರಳು ಮಡಿಸತೊಡಗಿದರು. ಮಣ್ಣಾದ ಮೂವತ್ತು ದಿನದೊಳಗೆ ಸುದ್ದಿ ಮುಟ್ಟಿದರೆ ಏಳು ದಿನ ನೆಲದಲ್ಲಿ ಕೂತು ದುಃಖಿಸಬೇಕು. ಮೂವತ್ತು ದಾಟಿದರೆ ಒಂದೇ ಗಂಟೆ. ನಮ್ಮ ಕಟ್ಟಳೆ ಹಾಗಿದೆ.

"ಇವತ್ತಿಗೆ ಮೂವತ್ತೊಂದು," ಎಂದರು. "ಕಾಗದ ಯಾವತ್ತು ಬಂತು, ಗೆಟ್ಸೆಲ್?"

"ಶುಕ್ರವಾರ, ಮೇಷ್ಟ್ರೇ."

"ಹಾಗಾದ್ರೆ ನಿನ್ನೆ ನಾನು ಹಾಡ್ತಿದ್ದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನೀನೂ ಜೊತೆಗೆ ಹಾಡ್ದೆ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. "ಈ ಶಾಸ್ತ್ರಾನೆಲ್ಲ ನೀವೆಲ್ಲಿ ನಂಬ್ತೀರಿ? ಏಳು ದಿನಾನೂ ಕೂತ್ಕೊಳ್ಳಿ, ಯಾರು ಬೇಡ ಅಂತಾರೆ?"

"ನಾನು ಕೂತ್ಕೋಬಹುದು ಕಣೋ. ಊರು ಬರಲ್ಲ. ಏಳು ದಿನ ಇದ್ದಿದ್ರೆ ನನ್ನ ಮುಖ ನೋಡದೋರೂ ಬರ್ಲೇಬೇಕಿತ್ತು. ಇಲ್ಲಿ ಕೂತು ನನ್ನ ಮಗಳ ಹೆಸರು ಹೇಳ್ಬೇಕಿತ್ತು. ನಾನು ಅವಳನ್ನ ಅಷ್ಟು ದೂರ ಕಳಿಸ್ದೆ. ಇಷ್ಟಾದ್ರೂ ಅವಳಿಗೆ ಸಿಗ್ತಿತ್ತು."

ಬೂಟು ಕಳಚಿ ನೆಲದ ಮೇಲೆ ಕೂತರು. ನಾನು ಬೀದಿಗೆ ಓಡಿ ಕಂಡಕಂಡವರನ್ನು ಕರೆದೆ. ಸಂತೆಯ ದಿನ. "ಇದೊಂದು ಗಿರಾಕಿ ಮುಗಿಸಿ ಬಂದೆ" ಎಂದರು. ಗಂಟೆಯೊಳಗೆ ಒಬ್ಬರೂ ಬರಲಿಲ್ಲ.

ಹೊತ್ತು ಮುಗಿದಾಗ ಅವರಾಗಿಯೇ ಎದ್ದರು. ಬೂಟು ಹಾಕಿಕೊಂಡು ದಾರ ಕಟ್ಟದೆ ನಿಂತರು. ನಾನೇ ಬಗ್ಗಿ ಕಟ್ಟಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪು ಕಟ್ಟಿದೆ, ಅವರು ಕಾಲು ಎಳೆದುಕೊಳ್ಳಲಿಲ್ಲ. ಒಂದು ಮಾತು ಬೈಯಲೂ ಇಲ್ಲ. ಬೈದಿದ್ದರೆ ನಾನಿದನ್ನು ಇಷ್ಟು ವರ್ಷ ಎದೆಯಲ್ಲಿ ಹೊತ್ತು ತಿರುಗುತ್ತಿರಲಿಲ್ಲ.