ಒಂಬತ್ತು ಗಂಡಸರು ಮತ್ತು ಒಬ್ಬ ಧರ್ಮಗುರು

ಕಳೆದ ಬುಧವಾರ ನಾನು ರಿಸೆಪ್ಷನ್ ನೋಡಿಕೊಳ್ಳುವ ಹೋಟೆಲಿನ ಡ್ರೈವರ್ ಹಮೀದ್ ದುಬೈ ಏರ್‌ಪೋರ್ಟಿನಲ್ಲಿ ಒಂದೂವರೆ ಗಂಟೆ ಕಾದು, ಖಾಲಿ ಕಾರಿನಲ್ಲಿ ವಾಪಸ್ ಬಂದ. ಕರೆತರಬೇಕಾದ ಅತಿಥಿ ಅಷ್ಟು ಹೊತ್ತಿಗೆ ಟ್ಯಾಕ್ಸಿ ಹಿಡಿದು ಬಂದು, ಲಾಬಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು.

“ಮೇಡಂ, ಗಡ್ಡದವರು ಬಂದಾಗೆಲ್ಲ ನಾನು ಬೋರ್ಡ್ ಎತ್ತಿದ್ದೇನೆ. ನೀವು ಹೇಳಿದ ಕಪ್ಪು ಟೊಪ್ಪಿಯವರು ಒಬ್ಬರೂ ಬರ್ಲಿಲ್ಲ. ನಾನು ಎಂತ ಮಾಡುದು?”

ವಿಟ್ಲದ ಹಮೀದನದೇನೂ ತಪ್ಪಿಲ್ಲ. ತಪ್ಪು ನನ್ನದೇ. ಮುಂಚಿನ ದಿನ, ನಮ್ಮಲ್ಲಿ ನಡೆಯಲಿದ್ದ ನರ್ಸ್‌ಗಳ ಕಾನ್ಫರೆನ್ಸಿನ ಆಯೋಜಕರು ನನ್ನ ಕಿವಿಯಲ್ಲಿ ಹೇಳಿದ್ದರು, ನಾಳೆ ಬರುವ ಡಾಕ್ಟರು ಯಹೂದಿಗಳ ಧರ್ಮಗುರು, ರಬ್ಬಿ. ಇಂಗ್ಲೆಂಡಿನವರು. ಸಾಯುತ್ತಿರುವ ರೋಗಿಗಳ ಪಕ್ಕ ಕೂರುವುದು ಹೇಗೆ ಅಂತ ನರ್ಸ್‌ಗಳಿಗೆ ಕಲಿಸುತ್ತಾರೆ. (ರಬ್ಬಿ ಅಂತ ಬೋರ್ಡಿನಲ್ಲಿ ಬರೆಯುವ ಊರು ಇದಲ್ಲ. ಹಾಗಾಗಿ ಬರೀ ಡಾಕ್ಟರ್.) ಧರ್ಮಗುರು ಅಂದಕೂಡಲೇ ನನ್ನ ತಲೆಯೊಳಗೆ ಗಡ್ಡ ಬೆಳೆಯಿತು, ಟೋಪಿ ಕೂತಿತು. ಅದನ್ನೇ ಹಮೀದ್‌ಗೆ ಹೇಳಿ ಕಳಿಸಿದೆ.

ಲಾಬಿಯಲ್ಲಿದ್ದವರು ಐವತ್ತೈದರ ಆಸುಪಾಸಿನ ಕುಳ್ಳ ಹೆಂಗಸು. ಸ್ಪೋರ್ಟ್ಸ್ ಶೂ, ಬೆನ್ನಿಗೊಂದು ಬ್ಯಾಗು. ನಾನು ಸಾರಿ ಸಾರಿ ಅಂತ ನಾಲ್ಕು ಸಲ ಹೇಳಿದೆ. ಅವರು “ಬಿಡಿ, ಅಭ್ಯಾಸವಾಗಿದೆ” ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶುಕ್ರವಾರ ಸಂಜೆ ಅವರ ರೂಮಿನಿಂದ ಫೋನು. ಸೂರ್ಯ ಮುಳುಗಿದಮೇಲೆ ಅವರಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ. ಶನಿವಾರ ಕತ್ತಲಾಗುವವರೆಗೆ ಲಿಫ್ಟು ಹತ್ತುವಂತಿಲ್ಲ, ಮೆಟ್ಟಿಲೇ ಗತಿ, ಎಲೆಕ್ಟ್ರಾನಿಕ್ ಕೀ ಕಾರ್ಡು ಮುಟ್ಟುವಂತಿಲ್ಲ. “ಊಟಕ್ಕೆ ಕೆಳಗೆ ಬರುತ್ತೇನೆ, ವಾಪಸ್ ಹೋದಾಗ ಬಾಗಿಲು ತೆಗೆದುಕೊಡುವವರು ಯಾರಾದರೂ ಇದ್ದಾರಾ?” ರೂಮು ಏಳನೇ ಮಹಡಿ. ಕೆಳಗಿನ ಮಹಡಿಗಳೆಲ್ಲ ಫುಲ್. ಬೆಳಿಗ್ಗೆಯಿಂದ ನಿಂತೇ ಇದ್ದ ನನ್ನ ಕಾಲು ಬೇಡ ಅನ್ನುತ್ತಿತ್ತು. ಆದರೂ ಏರ್‌ಪೋರ್ಟಿನ ಪಾಪ ತೀರಲಿ ಅಂತ ಊಟವಾದಮೇಲೆ ನಾನೇ ಜೊತೆಗೆ ಹೊರಟೆ.

ಇಬ್ಬರು ನಡುವಯಸ್ಸಿನ ಹೆಂಗಸರು, ಏಳು ಮಹಡಿ. ಮಾತಾಡದೆ ಹತ್ತಲು ಆಗುತ್ತದೆಯೇ?

ಅವರ ಊರಿನಲ್ಲಿ ಹೆಣ್ಣು ರಬ್ಬಿ ಅಂತ ಆದದ್ದು ಇವರೇ ಮೊದಲಂತೆ. ಪೇಪರಿನಲ್ಲಿ ಫೋಟೋ ಬಂತು. ಆಮೇಲೆ? ಮಕ್ಕಳ ಪಾಠಕ್ಕೆ ಇವರು ಸಾಕು, ಆಸ್ಪತ್ರೆಗೆ ಇವರೇ ಬೇಕು. ಮದುವೆ ಮಾಡಿಸುವ ಮಾತು ಬಂತೋ, “ನಿಮ್ಮ ಜೊತೆ ಇನ್ನೊಬ್ಬರನ್ನೂ ಕರೆಯೋಣವಾ?”

ನಾಲ್ಕನೇ ಮಹಡಿಯಲ್ಲಿ ಮೊಣಕಾಲು ಹಿಡಿದುಕೊಂಡು ನಿಂತರು. “ಸತ್ತವರಿಗಾಗಿ ಪ್ರಾರ್ಥನೆ ಮಾಡಲು ನಮ್ಮಲ್ಲಿ ಹತ್ತು ಜನ ಸೇರಬೇಕು. ಹಳಬರ ಲೆಕ್ಕದಲ್ಲಿ ಹತ್ತು ಗಂಡಸರು. ಎಷ್ಟೋ ಸಲ ಒಂಬತ್ತು ಗಂಡಸರು ಮತ್ತು ನಾನು ಇರುತ್ತಿದ್ದೆವು. ಹತ್ತನೆಯವನನ್ನು ಹುಡುಕಲು ಯಾರಾದರೂ ಬೀದಿಗೆ ಓಡುತ್ತಿದ್ದರು. ಪ್ರಾರ್ಥನೆ ನಡೆಸಬೇಕಾದವಳು ನಾನು!”

“ಈಗ?”

“ಈಗ ಎಣಿಸುತ್ತಾರೆ. ಎಣಿಸುವಾಗ ನನ್ನ ಮುಖ ನೋಡಿ ನಗುತ್ತಾರೆ, ಉಪಕಾರ ಮಾಡಿದವರ ಹಾಗೆ. ಇಪ್ಪತ್ತು ವರ್ಷವಾಯಿತು. ಇವತ್ತಿಗೂ ನನ್ನನ್ನು ಮೊದಲನೆಯವಳು ಅಂತಲೇ ಪರಿಚಯ ಮಾಡಿಕೊಡುತ್ತಾರೆ. ಎರಡನೆಯವಳು ಬಂದರೆ ಸ್ವಲ್ಪ ಕೂತುಕೊಳ್ಳಬಹುದು.”

ನನಗೆ ಅಳು ಬಂತು. ಯಾಕೆಂದು ಅವರು ಕೇಳಿದರು, ಹೇಳಿದೆ.

ಮುಂದಿನ ಮಂಗಳವಾರ ನನ್ನ ಅಪ್ಪನ ಶ್ರಾದ್ಧ. ನಾನು ಒಬ್ಬಳೇ ಮಗಳು. ದುಬೈಗೆ ಬಂದ ಆರು ವರ್ಷದಿಂದ ಕರಾಮದ ನಮ್ಮ ಫ್ಲಾಟಿನಲ್ಲಿ ನನ್ನ ಗಂಡ ಸತೀಶ ಶ್ರಾದ್ಧಕ್ಕೆ ಕೂರುತ್ತಾರೆ. ನಾನು ಹಿಂದೆ ನಿಂತು ಎಳ್ಳು, ದರ್ಭೆ ಕೊಡುತ್ತೇನೆ. ಸತೀಶ ನನ್ನ ಅಪ್ಪನನ್ನು ನೋಡಿಯೇ ಇಲ್ಲ. ನಮ್ಮ ಮದುವೆಗೆ ಮೊದಲೇ ಅಪ್ಪ ಹೋಗಿದ್ದರು. ಪ್ರತಿ ವರ್ಷ ಮಂತ್ರದ ಮಧ್ಯೆ ಸತೀಶ ನನ್ನ ಕಡೆ ತಿರುಗಿ, “ನಿನ್ನ ಮುತ್ತಾತನ ಹೆಸರೇನು?” ಅಂತ ಕೇಳುತ್ತಾರೆ. ನಾನು ಹೇಳುತ್ತೇನೆ. ಹೆಸರು ಹೇಳಲು ನಾನು ಬೇಕು, ನೀರು ಬಿಡಲು ಬೇಡ!

ರಬ್ಬಿ ಉಪದೇಶವನ್ನೇನೂ ಮಾಡಲಿಲ್ಲ. “ಇನ್ನು ಮೂರು ಮಹಡಿ” ಅಂತ ನನ್ನ ತೋಳು ಹಿಡಿದುಕೊಂಡರು.

ಮರುದಿನ ನಮ್ಮ ಭಟ್ಟರಿಗೆ ಫೋನ್ ಮಾಡಿದೆ. ಉಡುಪಿ ಕಡೆಯವರು, ಜೆಬೆಲ್ ಅಲಿಯ ಗೋದಾಮಿನಲ್ಲಿ ಸ್ಟೋರ್ ಕೀಪರ್. ರಜೆ ಸಿಕ್ಕಾಗ ಪೌರೋಹಿತ್ಯ. “ಈ ಸಲ ನಾನೇ ಕೂರ್ತೀನಿ” ಅಂದೆ.

ಭಟ್ಟರು ದನಿ ತಗ್ಗಿಸಿದರು. “ಅಮ್ಮ, ನಂಗೆ ಎಂತ ತಕರಾರಿಲ್ಲ. ನಾಳೆ ಉಳಿದ ಮನೆಯವರು ನನ್ನನ್ನು ಕರೆಯುದು ಬಿಟ್ಟರೆ?”

ಪಾಪ, ಅವರ ಭಯ ಅವರಿಗೆ. ಕೊನೆಗೆ ಒಪ್ಪಿದರು. ಎರಡು ಷರತ್ತು: ಬಾಗಿಲು ಹಾಕಿರಬೇಕು, ಯಾರಿಗೂ ಹೇಳಬಾರದು. (ಭಟ್ಟರೇ, ಕ್ಷಮಿಸಿ. ಹೆಸರಂತೂ ಬರೆದಿಲ್ಲ.) ಸತೀಶ ಮಾತ್ರ ಕೂಡಲೇ, “ನಿನ್ನಪ್ಪ ತಾನೇ, ನೀನೇ ಕೂತ್ಕೋ” ಅಂದರು. ಇಷ್ಟು ಸುಲಭದ ಮಾತಿಗೆ ಆರು ವರ್ಷ ಯಾಕೆ ಬೇಕಾಯಿತೋ! ನಾನೂ ಕೇಳಿರಲಿಲ್ಲ ಅನ್ನಿ.

ಮಂಗಳವಾರ ಕೂತೆ. ಅಪ್ಪನ ಹೆಸರು, ತಾತನ ಹೆಸರು, ಮುತ್ತಾತನ ಹೆಸರು ಯಾರನ್ನೂ ಕೇಳದೆ ಹೇಳಿದೆ. ಎಳ್ಳುನೀರು ಬಿಟ್ಟೆ. ಗೆದ್ದೆ ಅಂತ ಖುಷಿಯಾಗಬೇಕಿತ್ತು. ಆಗಲಿಲ್ಲ. ಬಹಳ ದಿನದ ಭಾರ ಇಳಿಸಿದಮೇಲೆ ಆಗುವ ಸುಸ್ತು, ಅಷ್ಟೇ. ಹೋಗಿ ಮಲಗೋಣ ಅನಿಸಿತು.

ಕೈ ತೊಳೆದು ಬಂದರೆ ಹತ್ತು ವರ್ಷದ ಮಗಳು ಹಾಲ್‌ನ ಬಾಗಿಲಲ್ಲಿ ನಿಂತಿದ್ದಳು. “ಅಮ್ಮಾ, ವೈ ಡಿಡ್ ಯು ಡೂ ಇಟ್? ವೈ ನಾಟ್ ಅಪ್ಪ?”

ಇಷ್ಟು ವರ್ಷ ಅವಳಪ್ಪ ಕೂತಾಗ ಈ ‘ವೈ’ ಒಂದು ಸಲವೂ ಯಾಕೆ ಬರಲಿಲ್ಲ?